ದೂರದವರ ಸಾವು, ನಮ್ಮ ಪ್ರಾರ್ಥನೆ

ಪ್ರಿಯ ಸಹೋದರಿ,

ಓದುಗರಿಗೂ ತಿಳಿಯಲಿ ಅಂತ ನಿಮ್ಮ ಪತ್ರದಲ್ಲಿ ಏನಿದೆ ಎಂದು ಮೊದಲು ಹೇಳುತ್ತೇನೆ. 2023ರ ಫೆಬ್ರವರಿ 6ರಂದು ಟರ್ಕಿ ಮತ್ತು ಸಿರಿಯಾದಲ್ಲಿ ಭೂಕಂಪವಾಯಿತು. ಕುಸಿದ ಕಟ್ಟಡದಡಿ ಸಿಕ್ಕಿ ಸತ್ತ ಮಗಳ ಕೈ ಹಿಡಿದು ಕೂತಿದ್ದ ತಂದೆಯ ಫೋಟೋ ಆಗ ಎಲ್ಲಾ ಕಡೆ ಬಂತು. ಅದನ್ನು ನೋಡಿದಾಗಿನಿಂದ ನಿಮಗೆ ಪ್ರಾರ್ಥನೆ ಬಾಯಿಗೆ ಬರುತ್ತಿಲ್ಲ. "ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ಆ ಊರನ್ನು ನಾನು ಕಂಡೂ ಇಲ್ಲ. ಆದರೂ ದೇವರು ಒಳ್ಳೆಯವನು ಅನ್ನೋದಕ್ಕೆ ನಾಲಿಗೆ ಏಳಲ್ಲ" ಎಂದು ಬರೆದಿದ್ದೀರಿ. "ಎಲ್ಲಾ ದೇವರ ಚಿತ್ತ" ಎಂದು ಸಭೆಯ ಹಿರಿಯರೊಬ್ಬರು ಹೇಳಿದ್ದು ನಿಮ್ಮ ಸಂಕಟವನ್ನು ಇನ್ನೂ ಜಾಸ್ತಿ ಮಾಡಿದೆ. ಸ್ತ್ರೀಯರ ಕೂಟದಲ್ಲಿ ಮುಂದಿನ ಪ್ರಾರ್ಥನೆ ನಡೆಸುವ ಸರದಿ ನಿಮ್ಮದು. ಹೇಗೆ ನಡೆಸಲಿ ಎಂದು ಕೇಳಿದ್ದೀರಿ.

ಆ ಹಿರಿಯರ ಮಾತನ್ನು ಒಪ್ಪಬೇಡಿ. ಯೇಸುವೇ ಹಾಗೆ ಹೇಳಲಿಲ್ಲ. ಲೂಕನ ಸುವಾರ್ತೆಯ 13ನೆಯ ಅಧ್ಯಾಯ ತೆಗೆದು ನೋಡಿ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಉಳಿದವರಿಗಿಂತ ಪಾಪಿಗಳೋ? ಅಲ್ಲ ಎಂದ ಯೇಸು. ಬುರುಜು ಯಾಕೆ ಬಿತ್ತು ಎಂದು ವಿವರಿಸಲು ಹೋಗಲೇ ಇಲ್ಲ. ಬದುಕಿ ನಿಂತು ಕೇಳುತ್ತಿದ್ದವರ ಕಡೆಗೆ ತಿರುಗಿ, ನೀವು ಮನಸ್ಸು ತಿರುಗಿಸಿಕೊಳ್ಳಿ ಎಂದ. ಟರ್ಕಿಯಲ್ಲೂ ಮನಸ್ಸು ತಿರುಗಿಸಬೇಕಾದವರು ಇದ್ದರು. ನಿಯಮ ಮೀರಿ ಕಟ್ಟಿದ ಕಟ್ಟಡಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆ 2018ರಲ್ಲಿ ಅಲ್ಲಿ ಬಂದಿತ್ತು. ಟರ್ಕಿಯೊಂದರಲ್ಲೇ 50,000ಕ್ಕೂ ಹೆಚ್ಚು ಜನ ಸತ್ತರು. ಸಾವು ಅಷ್ಟಾಗಲು ದುರಾಸೆಯ, ಕಳಪೆ ಕೆಲಸದ ಪಾಲೂ ಇದೆ. ಅದನ್ನು ದೇವರ ಚಿತ್ತದ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಹಾಗಂತ ನಿಮ್ಮ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ, ನನಗೆ ಗೊತ್ತು. ಕಟ್ಟಡ ಮನುಷ್ಯರದು, ನಡುಗಿದ ನೆಲ ಯಾರದು? ಆ ಹುಡುಗಿ ಯಾಕೆ ಸಾಯಬೇಕಿತ್ತು? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ದೇವರನ್ನೇ ಪ್ರಶ್ನಿಸಿದ ಯೋಬನಿಗೆ ಉತ್ತರ ಹೇಳಲು ಹೊರಟ ಅವನ ಮೂವರು ಸ್ನೇಹಿತರ ಮೇಲೆ ಕೊನೆಗೆ ದೇವರೇ ಸಿಟ್ಟಾದ. ತಕರಾರು ತೆಗೆದ ಯೋಬನ ಮೇಲಲ್ಲ. ಕೀರ್ತನೆಗಳಲ್ಲೂ "ಇನ್ನೆಷ್ಟು ಕಾಲ?" ಎಂಬ ಕೂಗು ಮತ್ತೆ ಮತ್ತೆ ಬರುತ್ತದೆ. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ನಿಂತುಬಿಡುತ್ತದೆ. ಸಮಾಧಾನದ ಒಂದು ಸಾಲೂ ಕೊನೆಯಲ್ಲಿ ಸಿಗಲ್ಲ. ಅದನ್ನು ಯಾರೂ ಬೈಬಲಿನಿಂದ ತೆಗೆದುಹಾಕಲಿಲ್ಲ. ಶಿಲುಬೆಯ ಮೇಲೆ ಯೇಸುವಿನ ಬಾಯಿಗೆ ಬಂದಿದ್ದೂ ಇಂಥದೇ ಕೀರ್ತನೆ, 22ನೆಯದು: ನನ್ನನ್ನು ಯಾಕೆ ಕೈಬಿಟ್ಟೆ? ನಿಮ್ಮ ಸಿಟ್ಟನ್ನು ಅಡಗಿಸಿಟ್ಟು ಒಳ್ಳೆಯ ಮಾತು ಹುಡುಕುತ್ತಾ ಕೂರಬೇಡಿ. ಇದ್ದದ್ದನ್ನು ಇದ್ದ ಹಾಗೇ ದೇವರಿಗೆ ಹೇಳಿ.

"ದೂರದವರ ದುಃಖ, ನಾನೇನು ಮಾಡಲಿ?" ಎಂದೂ ಕೇಳಿದ್ದೀರಿ. ಭೂಕಂಪದಲ್ಲಿ ನೆಲಸಮವಾದ ಊರುಗಳಲ್ಲಿ ಅಂತಾಕ್ಯ ಒಂದು. ಅದೇ ನಮ್ಮ ಬೈಬಲಿನ ಅಂತಿಯೋಕ್ಯ. ಶಿಷ್ಯರಿಗೆ ಕ್ರೈಸ್ತರು ಎಂಬ ಹೆಸರು ಮೊದಲು ಬಂದ ಊರು. ಈ ಸಲ ಅಲ್ಲಿನ ಆರ್ಥೊಡಾಕ್ಸ್ ಚರ್ಚೂ ಬಿತ್ತು, ಹಳೆಯ ಮಸೀದಿಯೂ ಬಿತ್ತು. ಅಪೊಸ್ತಲರ ಕೃತ್ಯಗಳ 11ನೆಯ ಅಧ್ಯಾಯದಲ್ಲಿ ಆ ಊರಿನ ಸಭೆಗೆ ಅಗಬ ಎಂಬ ಪ್ರವಾದಿ ಬರುತ್ತಾನೆ. ದೊಡ್ಡ ಬರ ಬರಲಿದೆ ಎನ್ನುತ್ತಾನೆ. ಚಕ್ರವರ್ತಿ ಕ್ಲೌದ್ಯನ ಕಾಲದಲ್ಲಿ ಅದು ಬಂದೂ ಬಂತು. ದೇವರು ಬರವನ್ನು ಯಾಕೆ ಕಳಿಸಿದ ಎಂದು ಅಂತಿಯೋಕ್ಯದವರು ಚರ್ಚೆ ಮಾಡಿದರು ಎಂದು ಎಲ್ಲೂ ಬರೆದಿಲ್ಲ. ಒಬ್ಬೊಬ್ಬರೂ ತಮ್ಮ ಶಕ್ತಿಗೆ ತಕ್ಕಷ್ಟು ಹಣ ಕೂಡಿಸಿದರು. ಯೆರೂಸಲೇಮಿನ ಸುತ್ತಲಿನ ಯೂದಾಯ ಸೀಮೆಯ ಸಹೋದರರಿಗೆ ಕೊಡಲು ಬಾರ್ನಬ ಮತ್ತು ಸೌಲರ ಕೈಯಲ್ಲಿ ಕಳಿಸಿದರು. ಈ ಸೌಲನೇ ಮುಂದೆ ಪೌಲ ಎಂದು ಹೆಸರಾದವನು. ಅಂತಿಯೋಕ್ಯದಿಂದ ಯೆರೂಸಲೇಮಿಗೆ ಸುಮಾರು 500 ಕಿಲೋಮೀಟರ್. ಹೆಚ್ಚಿನವರು ಆ ಬಡವರ ಮುಖವನ್ನೂ ನೋಡಿರಲಾರರು. ನನಗೆ ನಂಬಿಕೆ ಅಂದರೆ ಮೊದಲು ನೆನಪಾಗುವುದು ಈ ಜನ. ವಿವರಣೆ ಸಿಗುವವರೆಗೆ ಅವರು ಕಾಯಲಿಲ್ಲ.

ಇನ್ನೊಂದು ಮಾತು. ಪುನರುತ್ಥಾನವಾದ ಮೇಲೂ ಯೇಸುವಿನ ಕೈಯಲ್ಲಿ ಮೊಳೆಯ ಗುರುತು ಇತ್ತು. ಕಣ್ಣಾರೆ ಕಾಣದೆ ನಂಬಲ್ಲ ಎಂದ ಶಿಷ್ಯ ತೋಮನಿಗೆ ಅವನು ತೋರಿಸಿದ್ದು ಅದನ್ನೇ. ಗಾಯ ಮಾಯವಾದ ದೇಹವನ್ನು ತೋರಿಸಿದ್ದರೆ ನನಗೆ ನಂಬುವುದು ಕಷ್ಟವಾಗುತ್ತಿತ್ತು. ಆ ಮಗಳ ಸಾವನ್ನು ಮರೆತು ಮುಂದೆ ಹೋಗುವ ದೇವರಲ್ಲ ಇವನು ಎಂದು ನಾನು ನಂಬುತ್ತೇನೆ. ಆ ತಂದೆಗೆ ಇದನ್ನು ಹೇಳುವ ಹಕ್ಕು ನನಗಿಲ್ಲ. ನೀವು ಕೇಳಿದ್ದಕ್ಕೆ ಹೇಳಿದೆ.

ಈಗ ಕೂಟದ ವಿಷಯ. 88ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿಸಿ. ಮುಗಿದ ಕೂಡಲೇ ಸಂತೋಷದ ಹಾಡು ಎತ್ತಿಕೊಳ್ಳಬೇಡಿ, ಸ್ವಲ್ಪ ಹೊತ್ತು ಸುಮ್ನೆ ಕೂತಿರಿ. ಆಮೇಲೆ ಊರುಗಳ ಹೆಸರು ಹೇಳಿ ಪ್ರಾರ್ಥಿಸಿ: ಅಂತಾಕ್ಯ, ಕಹ್ರಮಾನ್‌ಮರಾಶ್, ಅಲೆಪ್ಪೊ. "ದೇವರು ಒಳ್ಳೆಯವನು" ಎಂದು ಹೇಳಲು ನಿಮ್ಮಿಂದ ಆಗದಿದ್ದರೆ ಪಕ್ಕದವರು ಹೇಳಲಿ. ಸಭೆ ಅಂತ ಒಂದಿರುವುದು ಅದಕ್ಕೇ ಅಲ್ವಾ?

ಯೆರೂಸಲೇಮಿನ ಬಡವರಿಗಾಗಿ ಪ್ರತಿ ಭಾನುವಾರ ಒಂದಿಷ್ಟು ತೆಗೆದಿಡಿ ಎಂದು ಪೌಲ ಕೊರಿಂಥದವರಿಗೆ ಬರೆದಿದ್ದ. ನಿಮ್ಮ ಕೂಟದಲ್ಲೂ ಹಾಗೆ ಶುರು ಮಾಡಿ. ಹಣ ಯಾವ ಕಷ್ಟಕ್ಕೆ, ಯಾರ ಮೂಲಕ ಹೋಗಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸಿ, ಮುಂದಿನ ಸಲ ಲೆಕ್ಕ ಓದಿ ಹೇಳಿ. ಯಾರೂ ಬೆರಳು ತೋರಿಸಬಾರದೆಂದು ಪೌಲ ಕೂಡ ಆ ಹಣದ ಜವಾಬ್ದಾರಿಯಲ್ಲಿ ಬೇರೆ ಸಹೋದರರನ್ನು ಜೊತೆಗೆ ಸೇರಿಸಿಕೊಂಡಿದ್ದ.