ತೂಕ ಇಳಿಯದಿದ್ದರೂ ತೊಡೆ ಸೊರಗುತ್ತಿರುವುದರ ಬಗ್ಗೆ

ನೀವು ಬರೆದಿರುವಂತೆ, ಸಕ್ಕರೆ ಕಾಯಿಲೆ ಮತ್ತು ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಎರಡೂ ಇರುವ ನಿಮ್ಮ ತಂದೆಯವರ ತೂಕ ಇಳಿಯದಿದ್ದರೂ ತೊಡೆಗಳು ಸೊರಗಿ, ಕುರ್ಚಿಯಿಂದ ಏಳಲು ಕೈ ಊರಬೇಕಾಗಿರುವುದಕ್ಕೆ ಬಹುಶಃ ಸಾರ್ಕೊಪೀನಿಯಾ, ಅಂದರೆ ಸ್ನಾಯುನಷ್ಟ ಕಾರಣ. ಇದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ದೀರ್ಘಕಾಲದ ಕಾಯಿಲೆಯಲ್ಲಿ ಒಳಗೊಳಗೇ ಉಳಿಯುವ ಉರಿಯೂತವು ಸ್ನಾಯುವಿನ ಪ್ರೋಟೀನನ್ನು ಕರಗಿಸುತ್ತದೆ, ಉಸಿರು ಕಟ್ಟುವ ಭಯದಿಂದ ಓಡಾಟ ಕಡಿಮೆಯಾಗುತ್ತದೆ, ಕರಗಿದ ಸ್ನಾಯುವಿನ ಜಾಗವನ್ನು ಕೊಬ್ಬು ತುಂಬಿದರೆ ತೂಕದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ.

ಮೊದಲು, ನೀವು ಪಕ್ಕದಲ್ಲೇ ನಿಂತು, ಅವರು ಕೈ ಊರದೆ 5 ಬಾರಿ ಎದ್ದು ಕೂರಲು ತೆಗೆದುಕೊಳ್ಳುವ ಸಮಯವನ್ನು ಅಳೆಯಿರಿ. 15 ಸೆಕೆಂಡ್ ದಾಟಿದರೆ, ಅಥವಾ ಏಳಲು ಆಗದೇ ಹೋದರೆ, ಅದನ್ನು ವೈದ್ಯರಿಗೆ ತಿಳಿಸಿ. ಆಗಲೇ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತ ಪರೀಕ್ಷೆ), ಥೈರಾಯ್ಡ್, ವಿಟಮಿನ್ ಡಿ ಪರೀಕ್ಷೆಗಳ ಬಗ್ಗೆಯೂ ಕೇಳಿ. ಅವರು ಸ್ಟೀರಾಯ್ಡ್ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ, ಅವೂ ಸ್ನಾಯುವನ್ನು ಸವೆಸಬಹುದು. ಆದರೆ ಅವುಗಳನ್ನು ನೀವಾಗಿಯೇ ನಿಲ್ಲಿಸಬಾರದು.

ಪ್ರೋಟೀನ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಇಂಥವರಿಗೆ ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಸೂಚಿಸುತ್ತಾರಾದರೂ, ಮೂತ್ರಪಿಂಡ ದುರ್ಬಲವಾಗಿದ್ದರೆ ಅದೇ ಪ್ರಮಾಣ ಹಾನಿ ಮಾಡಬಹುದು. ನೀವು ಅವರ ಕ್ರಿಯಾಟಿನಿನ್ ತಿಳಿಸಿಲ್ಲವಾದ್ದರಿಂದ ವರದಿ ಬರುವವರೆಗೆ ಪ್ರೋಟೀನ್ ಪುಡಿ ಆರಂಭಿಸಬೇಡಿ. ಬರೀ ಆಹಾರದಿಂದ ಸ್ನಾಯು ಮರಳುವುದೂ ಇಲ್ಲ. ನನ್ನ ತಾಯಿಯವರಿಗೆ ನಿಜವಾಗಿ ನೆರವಾದದ್ದು ಫಿಸಿಯೋಥೆರಪಿಸ್ಟ್ ಕಲಿಸಿದ, ವಾರಕ್ಕೆ 2–3 ದಿನ ಮಾಡುವ, ಕುರ್ಚಿಯಿಂದ ಏಳುವ ಮತ್ತು ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮ. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ವ್ಯಾಯಾಮಕ್ಕೆ ಮೊದಲು ಸಕ್ಕರೆ ಪ್ರಮಾಣ ನೋಡಿಕೊಳ್ಳಿ.

ಬಲಹೀನತೆ ದಿಢೀರನೆ ಬಂದಿದ್ದರೆ, ಒಂದೇ ಬದಿಗೆ ಇದ್ದರೆ ಅಥವಾ ನುಂಗಲು ಕಷ್ಟವಾಗುತ್ತಿದ್ದರೆ ಕಾರಣ ಬೇರೆಯೇ ಇರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.