ಓದುಗರ ಪ್ರಶ್ನೆ: ಟೇಕ್ವಾಂಡೊ ಎಂದರೆ ಕರಾಟೆಯೇ?

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗಳು ಟೇಕ್ವಾಂಡೊ ತರಗತಿಗೆ ಹೋಗುತ್ತಿದ್ದಾಳೆ. ಅದು ಕರಾಟೆಯದೇ ಇನ್ನೊಂದು ಹೆಸರು ಎಂದು ಮನೆಯ ಹಿರಿಯರು ಹೇಳುತ್ತಾರೆ, ನಿಜವೇ? ಅವಳು ‘ಚೊನ್-ಜಿ’ ಎನ್ನುತ್ತಾ ಒಬ್ಬಳೇ ಗಾಳಿಗೆ ಗುದ್ದುತ್ತಾ ಅಭ್ಯಾಸ ಮಾಡುತ್ತಾಳೆ. ಇದರಿಂದ ಏನು ಪ್ರಯೋಜನ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಟೇಕ್ವಾಂಡೊ ಕೊರಿಯಾದ ಸಮರಕಲೆ. ‘ಟೇ’ ಎಂದರೆ ಕಾಲಿನ ಹೊಡೆತ, ‘ಕ್ವಾನ್’ ಎಂದರೆ ಮುಷ್ಟಿ, ‘ಡೊ’ ಎಂದರೆ ದಾರಿ. ಹಾಗೆಂದು ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕೊರಿಯಾ 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿತ್ತು. ಆ ಕಾಲದಲ್ಲಿ ಕರಾಟೆ ಕಲಿತ ಹಲವು ಕೊರಿಯನ್ನರು ಬಿಡುಗಡೆಯ ನಂತರ ತಮ್ಮ ನಾಡಿನಲ್ಲಿ ತರಬೇತಿ ಶಾಲೆಗಳನ್ನು ತೆರೆದರು. ಜಪಾನಿನಲ್ಲಿ ಕರಾಟೆ ಕಲಿತಿದ್ದ ಸೇನಾಧಿಕಾರಿ ಚೊಯ್ ಹಾಂಗ್ ಹಿ ಅವರ ಮುಂದಾಳತ್ವದಲ್ಲಿ 1955ರಲ್ಲಿ ‘ಟೇಕ್ವಾಂಡೊ’ ಎಂಬ ಹೆಸರು ಬಂದಿತು. ಕೊರಿಯಾದಲ್ಲಿ ಮೊದಲಿನಿಂದಲೂ ಇದ್ದ ಟೆಕ್ಯಾನ್ ಎಂಬ ಕಾಲ್ಚಳಕದ ಕಲೆಯ ನೆನಪು ಆ ಹೆಸರಿನ ದನಿಯಲ್ಲೇ ಇದೆ. ಬೇರು ಒಂದಿಷ್ಟು ಹಂಚಿಕೊಂಡಿದ್ದರೂ ಇಂದು ಇವೆರಡೂ ಬೇರೆಬೇರೆ ಕಲೆಗಳು. ಟೇಕ್ವಾಂಡೊದ ಬಲ ಕಾಲಿನಲ್ಲಿದೆ.

ಆ ಬಲ ಎಲ್ಲಿಂದ ಬರುತ್ತದೆ ಎಂಬುದನ್ನು ‘ಡೊಲ್ಯೊ ಚಾಗಿ’ ಎಂಬ ಸುತ್ತು ಒದೆತದಲ್ಲಿ ನೋಡಬಹುದು. ಕಲಿಸುವಾಗ ನಾನು ಮೊದಲು ಗಮನಿಸುವುದು ಒದೆಯುವ ಕಾಲನ್ನಲ್ಲ, ನೆಲದ ಮೇಲೆ ನಿಂತ ಕಾಲನ್ನು. ಮಂಡಿ ಮೇಲೆದ್ದ ಕೂಡಲೇ ನಿಂತ ಪಾದವು ಮುಂಗಾಲಿನ ಮೇಲೆ ತಿರುಗಿ, ಹಿಮ್ಮಡಿ ಗುರಿಯ ಕಡೆಗೆ ಬರಬೇಕು. ಆಗ ಸೊಂಟ ತಾನಾಗಿಯೇ ತೆರೆದುಕೊಂಡು ಇಡೀ ಮೈಯ ಭಾರ ಒದೆತದೊಳಗೆ ಇಳಿಯುತ್ತದೆ. ಹಿಮ್ಮಡಿ ತಿರುಗದಿದ್ದರೆ ಒದೆತ ಸಪ್ಪೆಯಾಗುವುದಷ್ಟೇ ಅಲ್ಲ, ನಿಂತ ಕಾಲಿನ ಮಂಡಿಯೂ ತಿರುಚಿಕೊಳ್ಳುತ್ತದೆ.

ಇನ್ನು ಗಾಳಿಗೆ ಗುದ್ದುವ ವಿಷಯ. ಚೊನ್-ಜಿ ಎಂದರೆ ಆಕಾಶ ಮತ್ತು ಭೂಮಿ. 19 ಚಲನೆಗಳ ಈ ಮೊದಲ ವರಸೆಯಲ್ಲಿ ಮಗು ನಾಲ್ಕೂ ದಿಕ್ಕಿಗೆ ತಿರುಗಿ, ತಡೆದು, ಗುದ್ದಿ, ಹೊರಟ ಜಾಗಕ್ಕೇ ಮರಳಬೇಕು. ಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ, ಅಲ್ಲಿಂದಲೇ ಆರಂಭಿಸಲು ಹೇಳಿ. ಹೆಜ್ಜೆಯ ಅಳತೆ ಎಲ್ಲಾದರೂ ತಪ್ಪಿದ್ದರೆ ಕೊನೆಗೆ ಅವಳು ಗುರುತಿನಿಂದ ಆಚೆ ನಿಂತಿರುತ್ತಾಳೆ, ಯಾರೂ ಹೇಳಬೇಕಾಗಿಲ್ಲ.

ಚೊಯ್ ಅವರ ಪದ್ಧತಿಯಲ್ಲಿ ದಿನದ 24 ಗಂಟೆಗಳ ಲೆಕ್ಕದಲ್ಲಿ 24 ವರಸೆಗಳಿವೆ, ಹೆಚ್ಚಿನವು ಕೊರಿಯಾದ ಇತಿಹಾಸದಿಂದ ಹೆಸರು ಪಡೆದವು. 1909ರಲ್ಲಿ ಚೀನಾದ ಹಾರ್ಬಿನ್‌ನಲ್ಲಿ ಜಪಾನಿನ ಹಿರಿಯ ರಾಜಕಾರಣಿ ಇಟೊ ಹಿರೊಬುಮಿಯನ್ನು ಗುಂಡಿಕ್ಕಿ ಕೊಂದ ಆನ್ ಜುಂಗ್-ಗುನ್ ಮರುವರ್ಷ ಗಲ್ಲಿಗೇರಿದ. ಕೊರಿಯನ್ನರ ಎಣಿಕೆಯಲ್ಲಿ ಆಗ ಅವನಿಗೆ 32 ವರ್ಷ, ಅವನ ಹೆಸರಿನ ವರಸೆಯಲ್ಲಿರುವುದೂ 32 ಚಲನೆ. ‘ಸಾಮ್-ಇಲ್’ ವರಸೆಯ 33 ಚಲನೆಗಳು 1919ರ ಮಾರ್ಚ್ 1ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 33 ಮಂದಿಯನ್ನು ನೆನೆಯುತ್ತವೆ. ನಾಡನ್ನು ಕಳೆದುಕೊಂಡು ಮರಳಿ ಪಡೆದ ಜನರು ತಮ್ಮ ಚರಿತ್ರೆಯನ್ನು ಮೈಗೆ ಕಲಿಸಿಟ್ಟ ಬಗೆ ಇದು ಎಂದು ನಾನು ನಂಬುತ್ತೇನೆ. ಈ ಕಥೆಗಳನ್ನು ಹೇಳದೆ ಬರೀ ಚಲನೆಗಳನ್ನು ಉರು ಹೊಡೆಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ಮುಖಕ್ಕೆ ಗುದ್ದುವಂತಿಲ್ಲ, ಆದರೆ ನನ್ನ ಮಗನ ತರಗತಿಯಲ್ಲಿ ಕೈಗವಸು ತೊಟ್ಟು ಗುದ್ದುತ್ತಾರೆ. ಯಾವುದು ಸರಿ?
– ಒಬ್ಬ ಓದುಗರು, ಮಂಗಳೂರು

ಉತ್ತರ: ಎರಡೂ ಸರಿ, ಸಂಸ್ಥೆಗಳು ಬೇರೆ. ಚೊಯ್ 1966ರಲ್ಲಿ ಅಂತರರಾಷ್ಟ್ರೀಯ ಟೇಕ್ವಾನ್-ಡೊ ಫೆಡರೇಷನ್ ಕಟ್ಟಿದರು. ಮುಂದೆ ದಕ್ಷಿಣ ಕೊರಿಯಾದ ಸರ್ಕಾರದೊಂದಿಗೆ ಹೊಂದಿಕೆಯಾಗದೆ ಅವರು ಕೆನಡಾಕ್ಕೆ ಹೋದರು. 1973ರಲ್ಲಿ ಸೋಲ್‌ನಲ್ಲಿ ಹುಟ್ಟಿದ ಇನ್ನೊಂದು ಸಂಸ್ಥೆಯೇ ಇಂದಿನ ವರ್ಲ್ಡ್ ಟೇಕ್ವಾಂಡೊ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಪದಕದ ಕ್ರೀಡೆಯಾಗಿರುವುದು ಈ ಎರಡನೆಯ ಪದ್ಧತಿ. ಅಲ್ಲಿ ಎದೆಗವಚಕ್ಕೆ ಬಿದ್ದ ಗುದ್ದಿಗೆ 1 ಅಂಕ, ಒದೆತಕ್ಕೆ 2, ತಲೆಗೆ ಬಿದ್ದ ಒದೆತಕ್ಕೆ 3 ಅಂಕ. ತಿರುಗಿ ಒದೆದರೆ ಇನ್ನೂ ಹೆಚ್ಚು. ಅದಕ್ಕಾಗಿಯೇ ಆಟಗಾರರು ಕೈಯನ್ನು ಮರೆತವರಂತೆ ಕಾಲಿನಲ್ಲೇ ಹೋರಾಡುತ್ತಾರೆ. ನಿಮ್ಮ ಮಗನದು ಚೊಯ್ ಅವರ ಪದ್ಧತಿಯಿರಬೇಕು. ಅವನಿಗೆ ಒಲಿಂಪಿಕ್ಸ್ ದಾರಿಯ ಸ್ಪರ್ಧೆಗಳ ಆಸೆಯಿದ್ದರೆ, ಕಪ್ಪು ಪಟ್ಟಿಯ ಪ್ರಮಾಣಪತ್ರವನ್ನು ಯಾವ ಸಂಸ್ಥೆ ಕೊಡುತ್ತದೆ ಎಂದು ಶಿಕ್ಷಕರನ್ನು ಈಗಲೇ ಕೇಳಿ. ಒಲಿಂಪಿಕ್ಸ್ ಪದ್ಧತಿಯಲ್ಲಿ ಅದು ಸೋಲ್‌ನ ಟೇಕ್ವಾಂಡೊ ಕೇಂದ್ರವಾದ ಕುಕ್ಕಿವಾನ್‌ನಿಂದ ಬರುತ್ತದೆ.