ಜಮೀನು ಮನೆಗೆ ಬಂದ ದಾರಿ ಯಾವುದು? ಪಾಲಿನ ದಾವೆ ಕುರಿತ ಮೂರು ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಪಾಲಿನದ್ದೇ. ಮೂರನ್ನು ಆರಿಸಿಕೊಂಡಿದ್ದೇನೆ. ಹೆಸರು, ಊರು, ಸರ್ವೆ ನಂಬರ್ ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ 59 ವರ್ಷ, ತುಮಕೂರು ಜಿಲ್ಲೆ. ಮುತ್ತಾತನ ಕಾಲದ ಜಮೀನಿನಲ್ಲಿ 1968ರ ರಿಜಿಸ್ಟರ್ ಪಾರೀಖತ್ತಿನ (ವಿಭಾಗ ಪತ್ರದ) ಪ್ರಕಾರ 6 ಎಕರೆ 20 ಗುಂಟೆ ಅಪ್ಪನ ಭಾಗಕ್ಕೆ ಬಂತು. ಅಮ್ಮ 1991ರಲ್ಲಿ, ಅಪ್ಪ 1997ರಲ್ಲಿ ತೀರಿಕೊಂಡರು. ನನಗೆ ಇಬ್ಬರು ತಮ್ಮಂದಿರು. 1999ರಲ್ಲಿ ಅವರಿಬ್ಬರ ಹೆಸರಿಗೆ ಜಂಟಿಯಾಗಿ ಪೌತಿ ಖಾತೆ (ತೀರಿಕೊಂಡವರ ಖಾತೆ ವಾರಸುದಾರರಿಗೆ ಬದಲಾಗುವುದು) ಆಗಿದೆ. 2012ರಲ್ಲಿ ದೊಡ್ಡ ತಮ್ಮ 1 ಎಕರೆ ಮಾರಿದ. ಈಗ ಪಾಲು ಕೇಳಿದರೆ, ‘ನಿನ್ನ ಮದುವೆ 1986ರಲ್ಲೇ ಆಯ್ತು, ಒಡವೆ ಹಾಕಿ ಕಳಿಸಿದ್ದೇವೆ, ನಾವಿಬ್ಬರೂ 1998ರಲ್ಲೇ ಪಾಲುಪಟ್ಟಿ ಮಾಡಿಕೊಂಡಿದ್ದೇವೆ’ ಅನ್ನುತ್ತಾರೆ. ನನಗೆ ಪಾಲಿದೆಯಾ? ಈಗ ಕೇಸ್ ಹಾಕಿದರೆ ತಡವಾಯಿತು ಅಂತ ವಜಾ ಆಗುತ್ತಾ?

ಉತ್ತರ: ಪಾಲಿದೆ. ನಿಮ್ಮ ತಮ್ಮಂದಿರದ್ದು ಎಷ್ಟೋ ನಿಮ್ಮದೂ ಅಷ್ಟೇ, ಮೂರನೇ ಒಂದು ಭಾಗ. 6 ಎಕರೆ 20 ಗುಂಟೆ ಅಂದರೆ 260 ಗುಂಟೆ. ನಿಮಗೆ 2 ಎಕರೆ 6 ಗುಂಟೆ ಚಿಲ್ಲರೆ ಬರಬೇಕು.

ನೀವು ಪತ್ರದಲ್ಲಿ ಜಮೀನು ಹೇಗೆ ಬಂತು ಅಂತ ಬರೆದಿದ್ದು ಒಳ್ಳೆಯದಾಯಿತು. ಹೆಚ್ಚಿನವರು ‘ತಾತನ ಆಸ್ತಿ’ ಅಂತಷ್ಟೇ ಬರೆಯುತ್ತಾರೆ. ತಾತನದ್ದೆಲ್ಲ ಪಿತ್ರಾರ್ಜಿತ ಆಗುವುದಿಲ್ಲ. ತಾತ ಸ್ವಂತ ದುಡ್ಡಲ್ಲಿ ಕೊಂಡ ಜಮೀನು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಮೇಲೆ ಅವರು ತೀರಿಕೊಂಡು ಅಪ್ಪನಿಗೆ ಬಂದಿದ್ದರೆ, ಅದು ಅಪ್ಪನ ಸ್ವಂತದ್ದು. ಅಪ್ಪ ಬದುಕಿರುವವರೆಗೆ ಮಕ್ಕಳು ಅದರಲ್ಲಿ ಪಾಲು ಕೇಳುವ ಹಾಗಿಲ್ಲ. ನಿಮ್ಮದು ಹಾಗಲ್ಲ. ಒಟ್ಟು ಕುಟುಂಬದ ಜಮೀನು ಪಾರೀಖತ್ತಿನಲ್ಲಿ ಬಂದಿದೆ. ಇದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು.

ಇನ್ನು ಮದುವೆಯ ಮಾತು. ತಮ್ಮಂದಿರಿಗೆ ಯಾರೋ ಹಳೇ ಕಾನೂನು ಹೇಳಿಕೊಟ್ಟಿದ್ದಾರೆ. ಕರ್ನಾಟಕ 1994ರ ಜುಲೈ 30ರಿಂದಲೇ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತ್ತು. ಆದರೆ ಅದಕ್ಕಿಂತ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯಾದವರು, ಆಗದವರು ಅನ್ನುವ ಭೇದ ಇಲ್ಲ. ‘ಆ ದಿನ ಅಪ್ಪ ಬದುಕಿರಬೇಕಿತ್ತು’ ಅನ್ನುವ ತಕರಾರು ಕೆಲವು ವರ್ಷ ನಡೆಯಿತು. 2015ರ ಫುಲಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬದುಕಿರಬೇಕು ಅಂದಿತು. 2018ರ ದಾನಮ್ಮ ಪ್ರಕರಣದಲ್ಲಿ 2001ರಲ್ಲೇ ತಂದೆ ತೀರಿಕೊಂಡಿದ್ದ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಎರಡೂ ಕರ್ನಾಟಕದಿಂದಲೇ ಹೋದ ಕೇಸುಗಳು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಬಗೆಹರಿಸಿತು: ಹಕ್ಕು ಹುಟ್ಟಿನಿಂದ ಬರುತ್ತದೆ, ಅಪ್ಪ 2005ರಲ್ಲಿ ಬದುಕಿರಬೇಕಿಲ್ಲ. ಹಾಗಾಗಿ ನಿಮ್ಮಪ್ಪ 1997ರಲ್ಲಿ ತೀರಿಕೊಂಡಿದ್ದು ನಿಮಗೆ ಅಡ್ಡಿಯಲ್ಲ.

ಒಡವೆ ಹಾಕಿದ್ದು, ಮದುವೆ ಖರ್ಚು, ವರ್ಷವರ್ಷ ಕೊಟ್ಟ ಅರಿಶಿನ ಕುಂಕುಮದ ಸೀರೆ, ಇದ್ಯಾವುದೂ ಪಾಲಿಗೆ ಬದಲಲ್ಲ. ಹಕ್ಕು ಬಿಡಬೇಕಾದರೆ ರಿಜಿಸ್ಟರ್ ಆದ ಹಕ್ಕು ಬಿಡುಗಡೆ ಪತ್ರ ಬೇಕು. ಒಂದು ವಿಷಯ ಮಾತ್ರ ನೆನಪು ಮಾಡಿಕೊಳ್ಳಿ. ‘ಸೊಸೈಟಿ ಸಾಲಕ್ಕೆ ಬೇಕು’ ಅಂತಲೋ ‘ಖಾತೆಗೆ ಬೇಕು’ ಅಂತಲೋ ಹೇಳಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಸಹಿ ಹಾಕಿಸಿದ್ದಾರಾ? ಎಷ್ಟೋ ಅಕ್ಕತಂಗಿಯರಿಗೆ ತಾವು ಯಾವುದಕ್ಕೆ ಸಹಿ ಹಾಕಿದ್ದೇವೆ ಅನ್ನುವುದು ಕೋರ್ಟಿನಲ್ಲೇ ಗೊತ್ತಾಗುವುದು. ಅನುಮಾನ ಇದ್ದರೆ ಮೊದಲು ಋಣಭಾರ ಪತ್ರ, ಅಂದರೆ ಇಸಿ ತೆಗೆಸಿ. ಅಂಥ ಪತ್ರ ಆಗಿದ್ದರೆ ಅದರಲ್ಲಿ ಕಾಣುತ್ತದೆ.

ಈಗ ಪಾಲುಪಟ್ಟಿ. ನಿಮ್ಮ ಕೇಸಿನ ಜೀವ ಇರುವುದು ಇಲ್ಲೇ. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ವಿಭಾಗವನ್ನು ಹೊಸ ಕಾನೂನು ಮುಟ್ಟುವುದಿಲ್ಲ. ಆದರೆ ಆ ವಿಭಾಗ ರಿಜಿಸ್ಟರ್ ಆಗಿರಬೇಕು, ಇಲ್ಲವೇ ಕೋರ್ಟ್ ಡಿಕ್ರಿಯಿಂದ ಆಗಿರಬೇಕು. ಪಂಚಾಯ್ತಿ ಕಟ್ಟೆಯಲ್ಲಿ ಕೂತು ಛಾಪಾ ಕಾಗದದಲ್ಲಿ ಬರೆದುಕೊಂಡಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಬಾಯಿಮಾತಿನ ವಿಭಾಗವನ್ನು ಕೋರ್ಟ್ ಒಪ್ಪುವುದು ತೀರಾ ಅಪರೂಪ. ಅದಕ್ಕೂ ಆ ಕಾಲದ ಸರ್ಕಾರಿ ದಾಖಲೆಗಳ ಬಲ ಬೇಕು.

ತಮ್ಮಂದಿರ ಮಾತನ್ನು ಅವರದೇ ಕಾಗದ ಸುಳ್ಳು ಮಾಡುತ್ತಿದೆ, ನೋಡಿದಿರಾ? 1998ರಲ್ಲೇ ಬೇರೆಬೇರೆ ಆಗಿದ್ದರೆ 1999ರಲ್ಲಿ ಯಾಕೆ ಜಂಟಿ ಖಾತೆ ಮಾಡಿಸಿಕೊಂಡರು? ಇವನಿಗೆ ಇಷ್ಟು ಗುಂಟೆ, ಅವನಿಗೆ ಅಷ್ಟು ಅಂತ ಪ್ರತ್ಯೇಕ ಖಾತೆ ಆಗಬೇಕಿತ್ತಲ್ವಾ? ತಾಲ್ಲೂಕು ಕಚೇರಿಯಲ್ಲಿ ಆ ಎಂ.ಆರ್., ಅಂದರೆ ಖಾತೆ ಬದಲಾವಣೆ ದಾಖಲೆಯ ಪ್ರತಿಯನ್ನು, ಅದರ ಜೊತೆ ಲಗತ್ತಿಸಿದ ವಂಶವೃಕ್ಷವನ್ನು ದೃಢೀಕೃತ ನಕಲು ತೆಗೆಸಿ. ಆ ಕಾಲದ ಎಷ್ಟೋ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರೇ ಇರುವುದಿಲ್ಲ. ನಿಮ್ಮದೂ ಬಿಟ್ಟಿದ್ದರೆ ಅದು ನಿಮಗೇ ಸಾಕ್ಷಿ. ಕೋರ್ಟಿಗೆ ಪಾಲುಪಟ್ಟಿ ಹಾಜರು ಮಾಡಿದ ದಿನ ನಿಮ್ಮ ವಕೀಲರಿಗೆ ಹೇಳಿ, ಬರಹ ಓದುವ ಮುಂಚೆ ಕಾಗದವನ್ನು ತಿರುಗಿಸಿ ನೋಡಲಿ. ಛಾಪಾ ಕಾಗದದ ಹಿಂದುಗಡೆ ಅದನ್ನು ಮಾರಿದವನ ಮೊಹರು, ಕ್ರಮಸಂಖ್ಯೆ, ಮಾರಿದ ತಾರೀಕು, ಯಾರು ಕೊಂಡರು ಅನ್ನುವುದು ಇರುತ್ತದೆ. 1998ರ ಪಾಲುಪಟ್ಟಿಯ ಬೆನ್ನಿಗೆ 2001ರ ಮೊಹರು ಇದ್ದರೆ ಮುಂದೆ ಮಾತೇ ಬೇಕಿಲ್ಲ. ಸಹಿ ಹಾಕಿದ ಪಂಚರಲ್ಲಿ ಯಾರಾದರೂ ಆ ತಾರೀಕಿಗೆ ಮುಂಚೆಯೇ ತೀರಿಕೊಂಡಿದ್ದರಾ ಅನ್ನುವುದನ್ನೂ ಊರಲ್ಲಿ ವಿಚಾರಿಸಿ.

ಇಷ್ಟೆಲ್ಲ ಆಗಿಯೂ ಕೋರ್ಟ್ ಆ ವಿಭಾಗವನ್ನು ನಂಬಿತು ಅಂದುಕೊಳ್ಳೋಣ. ಆಗಲೂ ನೀವು ಬರಿಗೈಲಿ ಬರುವುದಿಲ್ಲ. ಹಳೇ ಕಾನೂನಿನಲ್ಲೇ ಅಪ್ಪನ ಭಾಗಕ್ಕೆ ಮಗಳೂ ವಾರಸುದಾರಳು. ಅಪ್ಪ ಮತ್ತು ಇಬ್ಬರು ಗಂಡುಮಕ್ಕಳಿಗೆ ತಲಾ ಮೂರನೇ ಒಂದು, ಅಪ್ಪನ ಆ ಒಂದರಲ್ಲಿ ಮೂರು ಮಕ್ಕಳಿಗೂ ಸಮ. ಒಟ್ಟಿನಲ್ಲಿ ಒಂಬತ್ತನೇ ಒಂದು ಭಾಗ, ಸುಮಾರು 29 ಗುಂಟೆ. ರಾಜಿಗೆ ಕೂತಾಗ ಈ ಎರಡು ಅಂಕಿ ತಲೆಯಲ್ಲಿರಲಿ. ಯಾರಾದರೂ ‘ಹತ್ತು ಗುಂಟೆ ತಗೊಂಡು ಸುಮ್ನಿರಮ್ಮ’ ಅಂದರೆ ಒಪ್ಪಬೇಡಿ.

ತಡದ ವಿಷಯ. ಒಟ್ಟು ಕುಟುಂಬದ ಆಸ್ತಿಯಿಂದ ನಿಮ್ಮನ್ನು ಹೊರಗಿಟ್ಟಿದ್ದು ನಿಮಗೆ ಗೊತ್ತಾದ ದಿನದಿಂದ 12 ವರ್ಷ ಅವಕಾಶ. ಖಾತೆ ಅವರ ಹೆಸರಿಗಿದೆ, ಉಳುಮೆ ಅವರೇ ಮಾಡುತ್ತಿದ್ದಾರೆ ಅಂದಮಾತ್ರಕ್ಕೆ ಹೊರಗಿಟ್ಟಂತೆ ಅಲ್ಲ. ಒಬ್ಬ ಪಾಲುದಾರನ ಸ್ವಾಧೀನ ಎಲ್ಲ ಪಾಲುದಾರರ ಸ್ವಾಧೀನವೇ. ‘ನಿನಗೆ ಹಕ್ಕೇ ಇಲ್ಲ’ ಅಂತ ಮುಖಕ್ಕೆ ಹೇಳಿದ ದಿನ ಮುಖ್ಯ. ಹಾಗಾಗಿ ಸುಮ್ನೆ ಕೂರಬೇಡಿ, ವಕೀಲರ ಮೂಲಕ ಪಾಲು ಕೇಳಿ ನೋಟಿಸ್ ಕೊಡಿಸಿ. 2012ರ ಮಾರಾಟ ನಿಮಗೆ ಯಾವಾಗ ಗೊತ್ತಾಯಿತು ಅಂತ ಎದುರು ವಕೀಲರು ಕೇಳಿಯೇ ಕೇಳುತ್ತಾರೆ. ನಿಜ ಏನಿದೆಯೋ ಅದನ್ನೇ ನಿಮ್ಮ ವಕೀಲರಿಗೆ ಮೊದಲೇ ಹೇಳಿಬಿಡಿ.

ಆ 1 ಎಕರೆ ಕೊಂಡವರನ್ನೂ ಪ್ರತಿವಾದಿ ಮಾಡಿ. ಮಾರಾಟ ನಿಮ್ಮ ತಮ್ಮನ ಪಾಲಿನ ಮಟ್ಟಿಗೆ ನಿಲ್ಲುತ್ತದೆ, ನಿಮ್ಮ ಪಾಲನ್ನು ಕಟ್ಟಿಹಾಕುವುದಿಲ್ಲ. ಸಾಮಾನ್ಯವಾಗಿ ಕೋರ್ಟ್ ಆ ಎಕರೆಯನ್ನು ಮಾರಿದವನ ಪಾಲಿಗೇ ಹಾಕಿ ಉಳಿದದ್ದರಲ್ಲಿ ನಿಮಗೆ ಕೊಡುತ್ತದೆ. ಕೊಂಡವರ ಜೊತೆ ಜಗಳಕ್ಕೆ ಹೋಗುವ ಅಗತ್ಯ ಇಲ್ಲ.

ಇನ್ನೊಂದು. ಖಾತೆ ರದ್ದು ಮಾಡಿಸೋಣ ಅಂತ ಮೊದಲು ಎಸಿ ಕೋರ್ಟಿಗೆ (ಕಂದಾಯ ಇಲಾಖೆಯ ಉಪವಿಭಾಗಾಧಿಕಾರಿ ಹತ್ತಿರ) ಓಡಬೇಡಿ. ಅಲ್ಲಿ ವರ್ಷಗಟ್ಟಲೆ ಅಲೆದಮೇಲೆ ‘ಹಕ್ಕಿನ ಪ್ರಶ್ನೆ ಇದೆ, ಸಿವಿಲ್ ಕೋರ್ಟಿಗೆ ಹೋಗಿ’ ಅನ್ನುವ ಆದೇಶ ಸಿಗುವುದೇ ಜಾಸ್ತಿ. ಖಾತೆಯಿಂದ ಹಕ್ಕು ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ. ನೇರವಾಗಿ ಪಾಲಿನ ದಾವೆ ಹಾಕಿ, ಜೊತೆಗೇ ಪರಭಾರೆ ಮಾಡದಂತೆ (ಬೇರೆಯವರಿಗೆ ಮಾರದಂತೆ, ಬರೆದುಕೊಡದಂತೆ) ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಆದೇಶ ಸಿಕ್ಕಿದರೆ ಪ್ರತಿಯನ್ನು ತಹಶೀಲ್ದಾರ್ ಕಚೇರಿಗೆ ಕೊಟ್ಟು ಪಹಣಿಯ 11ನೇ ಕಾಲಂನಲ್ಲಿ ನಮೂದಿಸಲು ಕೇಳಿ. ಕೊಳ್ಳಲು ಬರುವವನು ಮೊದಲು ನೋಡುವುದು ಪಹಣಿಯನ್ನೇ. ವಕೀಲರ ಫೀಸಿಗೆ ಕಷ್ಟ ಇದ್ದರೆ ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ.

ಪ್ರಶ್ನೆ: ತೀರ್ಥಹಳ್ಳಿ ಕಡೆಯವನು. ನಮ್ಮಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆ, ತೋಟ ಇತ್ತು. ಅಜ್ಜ 1971ರಲ್ಲಿ ತೀರಿಕೊಂಡರು. ದೊಡ್ಡಪ್ಪ 1975ರಲ್ಲಿ ಡಿಕ್ಲರೇಷನ್ (ಗೇಣಿ ಜಮೀನಿನ ಹಕ್ಕು ಕೇಳುವ ಅರ್ಜಿ) ಹಾಕಿ 1981ರಲ್ಲಿ ಅವರ ಹೆಸರಿಗೆ ಆಯಿತು. ಆಗ ಮೂವರು ಅಣ್ಣತಮ್ಮಂದಿರೂ ಒಂದೇ ಮನೆಯಲ್ಲಿದ್ದರು. ಈಗ ದೊಡ್ಡಪ್ಪನ ಮಕ್ಕಳು ‘ಟ್ರಿಬ್ಯೂನಲ್ (ಭೂ ನ್ಯಾಯಮಂಡಳಿ) ಕೊಟ್ಟಿದ್ದು ನಮ್ಮಪ್ಪನಿಗೆ, ನಿಮಗೇನಿಲ್ಲ’ ಅನ್ನುತ್ತಾರೆ. ನಮ್ಮಪ್ಪ ಈಗಿಲ್ಲ. ಏನು ಮಾಡಬಹುದು?

ಉತ್ತರ: ಮಲೆನಾಡು, ಕರಾವಳಿಯಲ್ಲಿ ಈ ಜಗಳ ಇಲ್ಲದ ಊರೇ ಇಲ್ಲವೇನೋ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವರು ಫಾರಂ 7ರಲ್ಲಿ ಅರ್ಜಿ ಹಾಕಬೇಕಾಯಿತು. ಮನೆಗೆ ದೊಡ್ಡವನು ಯಾರೋ ಅವನು ಸಹಿ ಹಾಕಿದ. ಉಳಿದವರು ಹಾಕಬೇಕು ಅಂತ ಯಾರಿಗೂ ಅನಿಸಲೂ ಇಲ್ಲ. ಇವತ್ತಿನ ಜಗಳದ ಬೀಜ ಅದೇ.

ಆದೇಶದಲ್ಲಿ ಯಾರ ಹೆಸರಿದೆ ಅನ್ನುವುದರ ಮೇಲೆ ಇದು ತೀರ್ಮಾನ ಆಗುವುದಿಲ್ಲ. ಗೇಣಿ ಕುಟುಂಬದ್ದೋ, ದೊಡ್ಡಪ್ಪ ಒಬ್ಬರದ್ದೋ ಅನ್ನುವುದು ಪ್ರಶ್ನೆ. ಅಜ್ಜನ ಕಾಲದ ಗೇಣಿ ಮುಂದುವರಿದು, ಮನೆಯ ಯಜಮಾನ ಅಂತ ದೊಡ್ಡಪ್ಪ ಅರ್ಜಿ ಹಾಕಿದ್ದರೆ ಅಧಿಭೋಗದ ಹಕ್ಕು, ಅಂದರೆ ಉಳುವವನಿಗೆ ಸಿಗುವ ಜಮೀನಿನ ಹಕ್ಕು, ಇಡೀ ಕುಟುಂಬಕ್ಕೆ ಸೇರುತ್ತದೆ. ಗೇಣಿದಾರ ಹೌದೋ ಅಲ್ಲವೋ ಅನ್ನುವುದನ್ನು ಸಿವಿಲ್ ಕೋರ್ಟ್ ಮತ್ತೆ ಕೆದಕುವುದಿಲ್ಲ. ಆದರೆ ಮನೆಯವರ ನಡುವಿನ ಪಾಲನ್ನು ಅದೇ ನೋಡಬೇಕು, ಪಾಲು ಮಾಡುವ ಅಧಿಕಾರ ಟ್ರಿಬ್ಯೂನಲ್‌ಗೆ ಇರಲಿಲ್ಲ.

ನೀವು ಮಾಡಬೇಕಾದ ಮೊದಲ ಕೆಲಸ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಆ ಟ್ರಿಬ್ಯೂನಲ್ ಕಡತದ ಪೂರ್ತಿ ನಕಲು ತೆಗೆಸುವುದು. ಆದೇಶದ ಹಾಳೆ ಒಂದೇ ಸಾಲದು. ಫಾರಂ 7ರಲ್ಲಿ ‘ಎಂದಿನಿಂದ ಗೇಣಿ’ ಅನ್ನುವ ಕಡೆ ಏನು ಬರೆದಿದ್ದಾರೆ, ವಿಚಾರಣೆಯಲ್ಲಿ ದೊಡ್ಡಪ್ಪ ಏನು ಹೇಳಿಕೆ ಕೊಟ್ಟಿದ್ದಾರೆ ಓದಿ. ‘ನಮ್ಮ ತಂದೆ ಕಾಲದಿಂದ ನಾವು ಮಾಡಿಕೊಂಡು ಬಂದಿದ್ದೇವೆ’ ಅನ್ನುವ ಒಂದು ಸಾಲು ಸಿಕ್ಕಿದರೆ ಅರ್ಧ ಕೇಸ್ ಗೆದ್ದ ಹಾಗೆ. ಆ ಸಾಲನ್ನು ಅವರ ಮಕ್ಕಳು ಅಲ್ಲಗಳೆಯುವುದು ಕಷ್ಟ. 1974ಕ್ಕೆ ಹಿಂದಿನ ಪಹಣಿಗಳ ಸಾಗುವಳಿ ಕಾಲಂನಲ್ಲಿ ಅಜ್ಜನ ಹೆಸರಿದೆಯಾ ನೋಡಿ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಗೇಣಿ ರಸೀದಿ ಉಳಿದಿದ್ದರೆ ಅದನ್ನೂ ಹುಡುಕಿ.

ಎದುರು ಕಡೆಯವರಿಗೂ ದಾರಿ ಇದೆ, ಅದನ್ನು ಮುಚ್ಚಿಡುವುದು ಬೇಡ. ನಿಮ್ಮಪ್ಪನೂ ಬೇರೆ ಗೇಣಿ ಜಮೀನಿಗೆ ತಮ್ಮ ಹೆಸರಲ್ಲೇ ಫಾರಂ 7 ಹಾಕಿದ್ದರಾ? ಹಾಕಿದ್ದರೆ ‘ಅಣ್ಣತಮ್ಮಂದಿರು ಆಗಲೇ ಬೇರೆ ಇದ್ದರು, ಅವರವರದ್ದು ಅವರವರಿಗೆ’ ಅಂತ ವಾದಿಸುತ್ತಾರೆ. ನೀವು ಇದರಲ್ಲಿ ಪಾಲು ಕೇಳಿದರೆ ನಿಮ್ಮಪ್ಪನಿಗೆ ಬಂದಿದ್ದನ್ನೂ ದಾವೆಗೆ ಸೇರಿಸಬೇಕಾಗುತ್ತದೆ. ಪಾಲಿನ ದಾವೆಯಲ್ಲಿ ಕುಟುಂಬದ ಎಲ್ಲ ಆಸ್ತಿ, ಎಲ್ಲ ಪಾಲುದಾರರು ಬರಬೇಕು. ಅತ್ತೆಯಂದಿರು ಇದ್ದರೆ ಅವರೂ, ಅವರು ತೀರಿಕೊಂಡಿದ್ದರೆ ಅವರ ಮಕ್ಕಳೂ ಬರುತ್ತಾರೆ. ‘ಅವರೇನು ಕೇಳಲ್ಲ ಬಿಡಿ’ ಅಂತ ಬಿಟ್ಟು ಹಾಕಿದ ದಾವೆ ಆ ಒಂದೇ ಕಾರಣಕ್ಕೆ ಬೀಳುವುದುಂಟು. ದೊಡ್ಡಪ್ಪನ ಕಡೆಯವರು ನಿಮ್ಮ ಹಕ್ಕನ್ನು ಮೊದಲು ಯಾವಾಗ ನಿರಾಕರಿಸಿದರು ಅನ್ನುವುದೂ ಇಲ್ಲಿ ಮುಖ್ಯ, ಮೇಲೆ ಹೇಳಿದ 12 ವರ್ಷದ ಲೆಕ್ಕ ನಿಮಗೂ ಅನ್ವಯ.

ಪ್ರಶ್ನೆ: ನಮ್ಮ ಪಾಲಿನ ದಾವೆ 2013ರದ್ದು. 2020ರಲ್ಲಿ ‘ವಾದಿಗೆ ನಾಲ್ಕನೇ ಒಂದು ಭಾಗ’ ಅಂತ ಡಿಕ್ರಿ ಆಗಿದೆ. ಅಣ್ಣ ಅಪೀಲೂ ಹೋಗಿಲ್ಲ, ಜಮೀನೂ ಬಿಟ್ಟುಕೊಟ್ಟಿಲ್ಲ. ಪಹಣಿಯಲ್ಲಿ ನನ್ನ ಹೆಸರು ಸೇರಿಸಿ ಅಂದರೆ ಕಚೇರಿಯಲ್ಲಿ ಯಾವ ಭಾಗ ಅಂತ ಕೇಳುತ್ತಾರೆ. ಗೆದ್ದೂ ಸೋತ ಹಾಗಾಗಿದೆ.

ಉತ್ತರ: ನಿಮಗೆ ಸಿಕ್ಕಿರುವುದು ಪ್ರಾಥಮಿಕ ಡಿಕ್ರಿ. ಎಷ್ಟು ಭಾಗ ಅಂತ ಅದು ಹೇಳುತ್ತದೆ, ಯಾವ ಭಾಗ ಅಂತ ಹೇಳುವುದಿಲ್ಲ. ಅದಕ್ಕೆ ಅಂತಿಮ ಡಿಕ್ರಿ ಬೇಕು, ಅದನ್ನು ಪಡೆಯುವ ಪ್ರಕ್ರಿಯೆಗೆ ಕೋರ್ಟಿನಲ್ಲಿ ಎಫ್‌ಡಿಪಿ (ಫೈನಲ್ ಡಿಕ್ರಿ ಪ್ರೊಸೀಡಿಂಗ್ಸ್) ಅನ್ನುತ್ತಾರೆ. 2022ರಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕ ಡಿಕ್ರಿ ಆದಮೇಲೆ ಪಾರ್ಟಿಗಳು ಬೇರೆ ಅರ್ಜಿ ಹಾಕಲಿ ಅಂತ ಕಾಯದೆ ವಿಚಾರಣಾ ಕೋರ್ಟೇ ಮುಂದಿನ ಹಂತಕ್ಕೆ ಹೋಗಬೇಕು ಅಂದಿದೆ. ನಿಮ್ಮದು ಅದಕ್ಕೂ ಮುಂಚಿನದ್ದು, ನೀವೇ ಅರ್ಜಿ ಹಾಕಿ. ಇದಕ್ಕೆ ಕಾಲಮಿತಿಯ ಭಯ ಇಲ್ಲ.

ಕಂದಾಯ ಕಟ್ಟುವ ಜಮೀನಾದ್ದರಿಂದ ಭಾಗ ಮಾಡುವ ಕೆಲಸ ಕೋರ್ಟಿನಿಂದ ಕಂದಾಯ ಇಲಾಖೆಗೆ ಹೋಗುತ್ತದೆ. ಸರ್ವೆಯವರು ಅಳೆದು ನಕ್ಷೆ ಮಾಡುತ್ತಾರೆ. ಅಳತೆಯ ದಿನ ತಪ್ಪಿಸಿಕೊಳ್ಳಬೇಡಿ. ಬೋರ್‌ವೆಲ್ ಯಾರ ಕಡೆ ಬೀಳುತ್ತದೆ, ಬಂಡಿದಾರಿ ಎಲ್ಲಿ, ಕಲ್ಲುಬಂಡೆ ಇರುವ ಮೂಲೆಯನ್ನು ನಿಮಗೆ ತಳ್ಳುತ್ತಿದ್ದಾರಾ ಅನ್ನುವುದು ಅಲ್ಲೇ ತೀರ್ಮಾನ ಆಗುವುದು. ಪಾಲು ಅಂದರೆ ಗುಂಟೆಯ ಲೆಕ್ಕ ಮಾತ್ರ ಅಲ್ಲ, ಬೆಲೆಯಲ್ಲೂ ಸಮ ಇರಬೇಕು. ಒಪ್ಪಿಗೆ ಇಲ್ಲದಿದ್ದರೆ ಲಿಖಿತವಾಗಿ ಆಕ್ಷೇಪಣೆ ಕೊಡಿ. ಇಷ್ಟು ವರ್ಷ ಅಣ್ಣ ಒಬ್ಬರೇ ಉಂಡ ಬೆಳೆಯ ಆದಾಯದಲ್ಲಿ ನಿಮ್ಮ ಭಾಗ ಕೇಳುವ ಅವಕಾಶ ಇದೆಯಾ ಅನ್ನುವುದು ಡಿಕ್ರಿಯಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ನಿಂತಿದೆ, ಅದನ್ನು ವಕೀಲರಿಗೆ ತೋರಿಸಿ.

ಅಣ್ಣನಿಗೂ ಈಗ ವಯಸ್ಸಾಗಿರಬೇಕು. ಯಾವ ಭಾಗ ಯಾರಿಗೆ ಅನ್ನುವುದಷ್ಟೇ ಉಳಿದಿರುವ ಜಗಳವಾದರೆ ಲೋಕ ಅದಾಲತ್‌ನಲ್ಲಿ ನಕ್ಷೆ ಮುಂದಿಟ್ಟುಕೊಂಡು ಕೂತು ನೋಡಿ. ಅಲ್ಲಿ ಆದ ರಾಜಿಗೆ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲು ಇಲ್ಲ. ಆದರೆ ಎಫ್‌ಡಿಪಿ ಅರ್ಜಿಯನ್ನು ಮೊದಲು ಹಾಕಿ, ಆಮೇಲೆ ಮಾತಿಗೆ ಕೂರಿ.